ಮನೆಬೆಕ್ಕಿಗೆ ಮರುಕಳಿಸುವ ಚರ್ಮರೋಗ: ಕಾರಣ ಕಂಡುಹಿಡಿಯುವ ಕ್ರಮ

ಹೊನ್ನಾಳಿ, ನ್ಯಾಮತಿಗಳ ಭತ್ತದ ಮನೆಯಾಗಲಿ, ಚನ್ನಗಿರಿಯ ಅಡಿಕೆ ಮನೆಯಾಗಲಿ, ಜಗಳೂರಿನ ಮೆಕ್ಕೆಜೋಳ, ಶೇಂಗಾದ ಮನೆಯಾಗಲಿ, ಮೂಟೆ ಇರುವಲ್ಲಿ ಇಲಿ ಇರುತ್ತದೆ. ಇಲಿ ಇರುವಲ್ಲಿ ಬೆಕ್ಕು ಬೇಕಾಗುತ್ತದೆ. ದನ, ಎಮ್ಮೆ, ಕುರಿಗಳಿಗೆ ಕಾಯಿಲೆ ಬಂದರೆ ಕೂಡಲೇ ಪಶುವೈದ್ಯರನ್ನು ಕಾಣುವ ರೈತರು ಬೆಕ್ಕಿನ ಕಾಯಿಲೆಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈಗ ಅನೇಕ ಮನೆಗಳಲ್ಲಿ ಬೆಕ್ಕು ಹಗಲೂ ರಾತ್ರಿ ಒಳಗೇ ಇರುತ್ತದೆ. ಅಡಿಗೆಮನೆಯಲ್ಲಿ ಓಡಾಡುತ್ತದೆ, ಮಕ್ಕಳ ಹಾಸಿಗೆಯಲ್ಲಿ ಮಲಗುತ್ತದೆ. ಆದ್ದರಿಂದ ಅದರ ಚರ್ಮಕ್ಕೆ ಬರುವ ರೋಗ ಮನೆಯವರಿಗೂ ಸಂಬಂಧಿಸಿದ ವಿಷಯವಾಗಿದೆ.

ಇಂಥ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು. ಕುತ್ತಿಗೆಯಲ್ಲೋ ಬೆನ್ನಿನಲ್ಲೋ ಹಕ್ಕಳೆ ಏಳುತ್ತದೆ, ಕೂದಲು ಉದುರುತ್ತದೆ. ಏನೋ ಒಂದು ಔಷಧಿ ಹಚ್ಚುತ್ತಾರೆ ಇಲ್ಲವೆ ಒಂದು ಸೂಜಿಮದ್ದು ಕೊಡಿಸುತ್ತಾರೆ. ಹದಿನೈದು ದಿನಗಳಲ್ಲಿ ವಾಸಿಯಾದಂತೆ ಕಾಣುತ್ತದೆ. ತಿಂಗಳು ಎರಡು ತಿಂಗಳಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಬೇಸತ್ತು ಬೆಕ್ಕನ್ನು ಊರ ಹೊರಗೆ ಬಿಟ್ಟು ಬರುವವರೂ ಉಂಟು. ದನಕ್ಕೆ ತಂದ ಉಣ್ಣೆಯ ಔಷಧಿಯನ್ನು ಬೆಕ್ಕಿಗೆ ಬಳಿದು ಅದರ ಪ್ರಾಣಕ್ಕೇ ಅಪಾಯ ತರುವವರೂ ಉಂಟು.

ರೋಗ ಮರುಕಳಿಸುತ್ತದೆ ಎಂದರೆ ಗಾಯ ಮಾಯ್ದಿದೆ, ಕಾರಣ ಉಳಿದಿದೆ ಎಂದೇ ಅರ್ಥ. ಕಾರಣವನ್ನು ಊಹಿಸುವುದು ಬೇಡ. ಒಂದು ಕ್ರಮದಲ್ಲಿ ಹುಡುಕಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಸಿಕ್ಕುತ್ತದೆ. ಆ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತುರಿಕೆ ಒಂದು ಲಕ್ಷಣ ಮಾತ್ರ

ಬೆಕ್ಕಿನ ಚರ್ಮಕ್ಕೆ ತೊಂದರೆಯಾದಾಗ ಅದು ಕೆಲವೇ ರೀತಿಗಳಲ್ಲಿ ತೋರಿಸಿಕೊಳ್ಳುತ್ತದೆ. ಅವು ಹೀಗಿವೆ:

1. ಕುತ್ತಿಗೆ, ಬೆನ್ನು ಮತ್ತು ಬಾಲದ ಬುಡದಲ್ಲಿ ರಾಗಿ ಕಾಳಿನಂತೆ ಕೈಗೆ ಸಿಗುವ ಸಣ್ಣ ಸಣ್ಣ ಹಕ್ಕಳೆಗಳು.
2. ಹೊಟ್ಟೆ, ತೊಡೆಯ ಒಳಭಾಗ, ಪಕ್ಕೆಗಳಲ್ಲಿ ಎರಡೂ ಕಡೆ ಸಮನಾಗಿ ಕೂದಲು ಹೋಗುವುದು.
3. ತಲೆ ಮತ್ತು ಕತ್ತನ್ನು ಹಿಂಗಾಲಿನಿಂದ ಕೆರೆದು ಗಾಯ ಮಾಡಿಕೊಳ್ಳುವುದು.
4. ತುಟಿಯ ಮೇಲೆ ಹುಣ್ಣು ಅಥವಾ ಹೊಟ್ಟೆ, ತೊಡೆಗಳಲ್ಲಿ ಕೆಂಪಗೆ ಉಬ್ಬಿದ ತಟ್ಟುಗಳು.

ಚಿಗಟ ಕಚ್ಚಿದರೂ, ತಿಂದ ಆಹಾರ ಒಗ್ಗದಿದ್ದರೂ, ಧೂಳು ಒಗ್ಗದಿದ್ದರೂ ಬೆಕ್ಕಿನ ಚರ್ಮ ಈ ನಾಲ್ಕರಲ್ಲಿ ಒಂದು ರೀತಿಯಲ್ಲಿಯೇ ಪ್ರತಿಕ್ರಿಯಿಸುತ್ತದೆ. ಆದ್ದರಿಂದ ಗಾಯವನ್ನು ನೋಡಿದ ಮಾತ್ರಕ್ಕೆ ಕಾರಣ ಹೇಳಲು ಬರುವುದಿಲ್ಲ. ಎಲೆ ಹಳದಿಯಾದ ಮಾತ್ರಕ್ಕೆ ಸಾರಜನಕದ ಕೊರತೆಯೇ, ಬೇರು ಕೊಳೆತಿದೆಯೇ, ನೀರು ಹೆಚ್ಚಾಗಿದೆಯೇ ಎಂದು ಹೇಳಲು ಬಾರದು. ಬುಡ ಕೆದಕಿ ನೋಡಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ.

ಕೂದಲು ತಾನಾಗಿ ಉದುರುತ್ತಿದೆಯೇ ಅಥವಾ ಬೆಕ್ಕು ನೆಕ್ಕಿ ಕೀಳುತ್ತಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಬೆಕ್ಕು ಜನರಿಲ್ಲದ ಹೊತ್ತಿನಲ್ಲಿ ಮೂಲೆ ಸೇರಿ ನೆಕ್ಕಿಕೊಳ್ಳುವುದರಿಂದ ಮನೆಯವರ ಕಣ್ಣಿಗೆ ಬೀಳದಿರಬಹುದು. ಬೋಳಾದ ಜಾಗದ ಅಂಚಿನ ಕೂದಲನ್ನು ಬೆರಳಿನಿಂದ ಹಿಮ್ಮುಖವಾಗಿ ಸವರಿದಾಗ ಮೊಂಡಾಗಿ ಚುಚ್ಚಿದಂತೆ ಇದ್ದರೆ ನೆಕ್ಕಿ ತುಂಡಾಗಿದೆ ಎಂದು ತಿಳಿಯಬಹುದು. ವಾಂತಿಯಲ್ಲಿ, ಮಲದಲ್ಲಿ ಕೂದಲು ಹೆಚ್ಚಾಗಿ ಕಂಡರೂ ಇದೇ ಸೂಚನೆ. ನೆಕ್ಕುತ್ತಿದೆ ಎಂದರೆ ಬಹುಮಟ್ಟಿಗೆ ತುರಿಕೆ ಇದೆ ಎಂದೇ ಎಣಿಸಬೇಕು.

ಮೊದಲು ಬರೆದಿಡಿ

ಒಂದು ನೋಟು ಪುಸ್ತಕದಲ್ಲಿ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

1. ತೊಂದರೆ ಮೊದಲು ಕಂಡಾಗ ಬೆಕ್ಕಿನ ವಯಸ್ಸೆಷ್ಟು?
2. ವರ್ಷದ ಯಾವ ತಿಂಗಳುಗಳಲ್ಲಿ ಹೆಚ್ಚು? ವರ್ಷವಿಡೀ ಇದೆಯೇ?
3. ಮೊದಲು ತುರಿಕೆ ಬಂತೇ, ಗಾಯ ಬಂತೇ?
4. ಮೈಯ ಯಾವ ಭಾಗದಲ್ಲಿ ಪ್ರಾರಂಭವಾಯಿತು?
5. ಮನೆಯಲ್ಲಿ ನಾಯಿ, ಬೇರೆ ಬೆಕ್ಕು, ಕರು ಇವೆಯೇ? ಅವಕ್ಕೂ ತುರಿಕೆ ಇದೆಯೇ?
6. ಮನೆಯವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಚರ್ಮದ ಮೇಲೆ ಏನಾದರೂ ಎದ್ದಿದೆಯೇ?
7. ಬೆಕ್ಕು ಏನು ತಿನ್ನುತ್ತದೆ? ಎಲ್ಲಿ ಮಲಗುತ್ತದೆ?
8. ಈವರೆಗೆ ಕೊಟ್ಟ ಔಷಧಿಗಳು ಯಾವುವು? ಪ್ರತಿಯೊಂದರಿಂದ ಎಷ್ಟು ದಿನ ಗುಣ ಕಂಡಿತು?

ಎಂಟನೆಯ ಪ್ರಶ್ನೆಯ ಉತ್ತರ ಬಹಳ ಮುಖ್ಯ. ಒಂದು ಬೆಕ್ಕಿಗೆ ಒಂದೇ ದಿನ ಚಿಗಟದ ಔಷಧಿ ಹಾಕಿಸಿ, ಸೂಜಿಮದ್ದು ಕೊಡಿಸಿ, ಮೀನು ಹಾಕುವುದನ್ನೂ ನಿಲ್ಲಿಸಿದರು ಎಂದು ಇಟ್ಟುಕೊಳ್ಳಿ. ಬೆಕ್ಕು ವಾಸಿಯಾಯಿತು. ಆದರೆ ಮೂರರಲ್ಲಿ ಯಾವುದರಿಂದ ವಾಸಿಯಾಯಿತು ಎಂದು ಹೇಳುವವರು ಯಾರು? ರೋಗ ಮತ್ತೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಖು ಬರೆದಿಟ್ಟು, ಫಲ ನೋಡಿ ಮುಂದುವರಿಯಬೇಕು.

ಮೊದಲನೆಯ ಹಂತ: ಚಿಗಟ

ನಮ್ಮಂತಹ ಬಿಸಿ ನಾಡಿನಲ್ಲಿ ಬೆಕ್ಕಿನ ತುರಿಕೆಗೆ ಮೊದಲು ಅನುಮಾನಿಸಬೇಕಾದದ್ದು ಚಿಗಟವನ್ನು. "ನಮ್ಮ ಬೆಕ್ಕು ಹೊರಗೇ ಹೋಗುವುದಿಲ್ಲ, ಚಿಗಟ ಎಲ್ಲಿಂದ ಬರಬೇಕು?" ಎಂದು ಕೇಳುವುದುಂಟು. ಬೆಕ್ಕು ಹೊರಗೆ ಹೋಗದಿದ್ದರೂ ನಾಯಿ ಒಳಗೆ ಬರುತ್ತದೆ, ಇಲಿ ಬರುತ್ತದೆ, ಕೊಟ್ಟಿಗೆಯ ಗೋಣಿ ಬರುತ್ತದೆ, ನಮ್ಮ ಬಟ್ಟೆಯ ಜೊತೆಗೂ ಚಿಗಟ ಬರಬಹುದು.

ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಅಂಥ ಬೆಕ್ಕಿಗೆ ನೂರಾರು ಚಿಗಟ ಬೇಕಿಲ್ಲ; ಬೆರಳೆಣಿಕೆಯಷ್ಟು ಕಚ್ಚಿದರೂ ದಿನಗಟ್ಟಲೆ ತುರಿಕೆ ಇರುತ್ತದೆ. ಮೇಲಾಗಿ ಬೆಕ್ಕು ಮೈಯನ್ನು ನೆಕ್ಕಿ ಚಿಗಟಗಳನ್ನು ನುಂಗಿಬಿಡುವುದರಿಂದ ನೋಡುವ ಹೊತ್ತಿಗೆ ಒಂದೂ ಕಾಣದಿರಬಹುದು. ಕಣ್ಣಿಗೆ ಬೀಳಲಿಲ್ಲವೆಂದು ಚಿಗಟವಿಲ್ಲ ಎಂದು ತೀರ್ಮಾನಿಸಬಾರದು.

ಪರೀಕ್ಷಿಸುವ ವಿಧಾನ ಸುಲಭ. ಹೇನು ತೆಗೆಯುವ ಸೀರಣಿಗೆಯಿಂದ ಬೆಕ್ಕಿನ ಬೆನ್ನು, ಬಾಲದ ಬುಡ ಮತ್ತು ಕತ್ತಿನ ಕೂದಲನ್ನು ಬುಡ ಮುಟ್ಟುವಂತೆ ಬಾಚಿ. ಬಂದ ಕಸವನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಕಪ್ಪು ಹುಡಿ ನೀರು ತಾಗಿ ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ. ಬರೀ ಮಣ್ಣಾದರೆ ಕೆಂಪು ಬಿಡುವುದಿಲ್ಲ. ಬೆಕ್ಕಿನ ಗುದದ್ವಾರದ ಸುತ್ತ ಅಥವಾ ಅದು ಮಲಗುವ ಬಟ್ಟೆಯ ಮೇಲೆ ಅಕ್ಕಿ ಕಾಳಿನಂತಹ ಚೂರುಗಳು ಕಂಡರೆ ಅವು ಲಾಡಿಹುಳುವಿನ ತುಂಡುಗಳು. ಬೆಕ್ಕಿನಲ್ಲಿ ಸಾಮಾನ್ಯವಾಗಿ ಕಾಣುವ ಈ ಲಾಡಿಹುಳು ಚಿಗಟವನ್ನು ನುಂಗುವುದರಿಂದ ಬರುತ್ತದೆ. ಆದ್ದರಿಂದ ಇದೂ ಚಿಗಟ ಇದೆಯೆಂಬುದಕ್ಕೆ ಸಾಕ್ಷಿ.

ಚಿಗಟದ ಜೀವನಚಕ್ರ ತಿಳಿದರೆ ರೋಗ ಮರುಕಳಿಸುವುದೇಕೆಂಬುದು ಸ್ಪಷ್ಟವಾಗುತ್ತದೆ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೆ ಇಡುತ್ತದೆ. ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ ಬೆಕ್ಕು ಮಲಗುವ, ಓಡಾಡುವ ಜಾಗದಲ್ಲೆಲ್ಲ ಉದುರುತ್ತವೆ. 2 ರಿಂದ 10 ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಹುಳುಗಳು ಬೆಳಕಿಗೆ ಅಂಜಿ ನೆಲದ ಬಿರುಕು, ಚಾಪೆಯ ಅಡಿ, ಮಂಚದ ಸಂದುಗಳನ್ನು ಸೇರುತ್ತವೆ. ಅನಂತರ ರೇಷ್ಮೆಯ ಗೂಡು ಕಟ್ಟಿ ಕೋಶಾವಸ್ಥೆಯಲ್ಲಿ ಕೆಲವು ತಿಂಗಳುಗಳವರೆಗೂ ಕಾದು ಕುಳಿತಿರಬಲ್ಲವು. ಮನುಷ್ಯರ ಅಥವಾ ಪ್ರಾಣಿಗಳ ನಡೆದಾಟದ ಅದುರು, ಮೈಯ ಬಿಸಿ ತಾಗಿದರೆ ಹೊರಗೆ ಬರುತ್ತವೆ. ಹೀಗಾಗಿ ಒಂದು ಮನೆಯ ಚಿಗಟದ ಒಟ್ಟು ಸಂತತಿಯಲ್ಲಿ ಬೆಕ್ಕಿನ ಮೈಮೇಲಿರುವ ಬೆಳೆದ ಚಿಗಟಗಳು ನೂರಕ್ಕೆ 5 ಪಾಲಿನಷ್ಟು ಮಾತ್ರ; ಉಳಿದದ್ದು ನೆಲದಲ್ಲಿದೆ. ಒಂದು ಸಲ ಬೆಕ್ಕಿಗೆ ಔಷಧಿ ಹಾಕಿ ಸುಮ್ಮನಾದರೆ, ಬೀಜ ಉಳಿಸಿ ಕಳೆ ಕಿತ್ತಂತೆ ಆಗುತ್ತದೆ.

ಹತೋಟಿ ಕ್ರಮಗಳು: ಮನೆಯಲ್ಲಿರುವ ಎಲ್ಲಾ ಬೆಕ್ಕು, ನಾಯಿಗಳಿಗೆ ಒಂದೇ ಕಾಲದಲ್ಲಿ ಆಯಾ ಪ್ರಾಣಿಗೆಂದೇ ತಯಾರಾದ ಔಷಧಿಯನ್ನು ವೈದ್ಯರ ಸಲಹೆಯಂತೆ ಹಾಕಬೇಕು. ಇದನ್ನು ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಬೇಕು. ಬೆಕ್ಕು ಮಲಗುವ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿನಲ್ಲಿ ಒಣಗಿಸಬೇಕು. ಸಂದುಗೊಂದುಗಳನ್ನು ಗುಡಿಸಿ ಆ ಕಸವನ್ನು ಸುಡಬೇಕು. ನೆಲದ ಬಿರುಕುಗಳನ್ನು ಮುಚ್ಚಬೇಕು. ಮೂರು ತಿಂಗಳು ಹೀಗೆ ಮಾಡಿಯೂ ತುರಿಕೆ ಕಡಿಮೆಯಾಗದಿದ್ದಲ್ಲಿ ಮಾತ್ರ "ಚಿಗಟ ಕಾರಣವಲ್ಲ" ಎಂದು ಪುಸ್ತಕದಲ್ಲಿ ಬರೆಯಬಹುದು. ಮುಂದೆ ಹೇಳುವ ನುಸಿ ಮತ್ತು ಹುಳುಕಡ್ಡಿಯ ಪರೀಕ್ಷೆಗಳನ್ನು ಮಾತ್ರ ಅಲ್ಲಿಯವರೆಗೆ ಕಾಯಿಸದೆ, ಮೊದಲ ಭೇಟಿಯಲ್ಲಿಯೇ ವೈದ್ಯರಿಂದ ಮಾಡಿಸಬೇಕು.

ಎಚ್ಚರಿಕೆ: ಬೆಳೆಯ ಔಷಧಿ, ದನದ ಔಷಧಿ ಬೆಕ್ಕಿಗೆ ಬೇಡ

ಇದು ಈ ಲೇಖನದ ಅತಿ ಮುಖ್ಯ ಭಾಗ. ಬೆಕ್ಕುಗಳ ಚಿಗಟಕ್ಕೆ ಉಪಯೋಗಿಸುವ ಔಷಧಿಗಳಲ್ಲಿ ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಎಂಬ ಹೆಸರುಗಳಿವೆ. ಇವೇ ಹೆಸರುಗಳು ರೈತರ ಮನೆಯಲ್ಲಿರುವ ಬೆಳೆಯ ಕೀಟನಾಶಕಗಳ ಡಬ್ಬಿಗಳ ಮೇಲೂ ಇರುತ್ತವೆ. ಹೆಸರು ಒಂದೇ ಎಂದು ಡಬ್ಬಿಯ ಔಷಧಿಯನ್ನು ನೀರಿಗೆ ಬೆರೆಸಿ ಬೆಕ್ಕಿಗೆ ಹಚ್ಚಬಾರದು. ಬೆಳೆಗೆ ತಯಾರಿಸಿದ ಔಷಧಿಯ ಸಾಂದ್ರತೆ ಬೇರೆ, ಅದರಲ್ಲಿ ಬೆರೆಸಿರುವ ದ್ರಾವಣಗಳು ಬೇರೆ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುವ ಪ್ರಾಣಿ ಎಂಬುದನ್ನು ಮರೆಯಬಾರದು.

ದನ, ನಾಯಿಗಳ ಉಣ್ಣೆಗೆ ಬಳಸುವ ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳು ಇನ್ನೂ ಅಪಾಯಕರ. ಇವುಗಳನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ದನಕ್ಕೂ ನಾಯಿಗೂ ಏನೂ ಆಗದ ಪ್ರಮಾಣದಲ್ಲಿ ಬೆಕ್ಕಿಗೆ ನಡುಕ ಹುಟ್ಟಿ, ಸೆಟೆತ ಬಂದು, ಸಾವು ಸಂಭವಿಸಬಹುದು. ಈ ಔಷಧಿ ಹಾಕಿದ ನಾಯಿಯೊಡನೆ ಮಲಗಿದ ಬೆಕ್ಕಿಗೂ ವಿಷವೇರಿದ ಉದಾಹರಣೆಗಳಿವೆ. ಅಮಿಟ್ರಾಜ್ ಕೂಡ ಬೆಕ್ಕಿಗೆ ಸಲ್ಲದು. ಜಗಳೂರಿನಂತಹ ಕುರಿ ಸಾಕುವ ಕಡೆ ಮನೆಯಲ್ಲಿ ಐವರ್ಮೆಕ್ಟಿನ್ ಸೀಸೆ ಇರುವುದು ಸಹಜ. ಕುರಿಯ ತೂಕ, ಬೆಕ್ಕಿನ ತೂಕ ಒಂದೇ ಅಲ್ಲ. ಕಣ್ಣಳತೆಯಲ್ಲಿ ಕೊಟ್ಟ ಒಂದೆರಡು ಹನಿ ಮರಿಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಸೀಮೆಎಣ್ಣೆ, ಹಳೆಯ ಇಂಜಿನ್ ಎಣ್ಣೆ, ಫಿನಾಯಿಲ್‌ಗಳನ್ನು ಎಂದಿಗೂ ಹಚ್ಚಬಾರದು. ಬೇವಿನ ಎಣ್ಣೆಯೂ ನಿರಪಾಯವೆಂದು ತಿಳಿಯಬಾರದು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಬೆಕ್ಕಿಗೆ ಮಾರಕ ವಿಷ.

ತಿಳಿಯದೆ ಇಂಥ ಔಷಧಿ ಬಳಿದಿದ್ದರೆ, ಬೆಕ್ಕು ಎಚ್ಚರವಾಗಿದ್ದಲ್ಲಿ ಪಾತ್ರೆ ತೊಳೆಯುವ ಸೌಮ್ಯವಾದ ದ್ರವ ಸಾಬೂನು ಮತ್ತು ಉಗುರು ಬೆಚ್ಚಗಿನ ನೀರಿನಿಂದ ಮೈ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ, ಔಷಧಿಯ ಡಬ್ಬಿಯ ಸಮೇತ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸೆಟೆತ ಬಂದಿದ್ದರೆ ತೊಳೆಯುತ್ತ ಕೂರದೆ ನೇರವಾಗಿ ಒಯ್ಯಬೇಕು.

ಎರಡನೆಯ ಹಂತ: ನುಸಿ ಮತ್ತು ಹೇನು

ಬೆಕ್ಕಿನ ಕಜ್ಜಿಗೆ ಕಾರಣ ನೋಟೊಎಡ್ರಿಸ್ ಎಂಬ ಕಣ್ಣಿಗೆ ಕಾಣದ ನುಸಿ. ಇದು ಕಿವಿಯ ಅಂಚಿನಲ್ಲಿ ಪ್ರಾರಂಭವಾಗಿ ಮುಖ, ಕುತ್ತಿಗೆಗೆ ಹರಡುತ್ತದೆ. ಬೆಕ್ಕು ಸುತ್ತಿ ಮಲಗಿದಾಗ ಮುಂಗಾಲು ಮತ್ತು ಬಾಲದ ಬುಡಕ್ಕೂ ತಗಲುತ್ತದೆ. ಚರ್ಮ ದಪ್ಪಗಾಗಿ ಬೂದು ಬಣ್ಣದ ಹಕ್ಕಳೆ ಕಟ್ಟುತ್ತದೆ, ತುರಿಕೆ ವಿಪರೀತ. ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಬೇಗ ಅಂಟುತ್ತದೆ. ಎತ್ತಿಕೊಳ್ಳುವವರ ಕೈ, ಹೊಟ್ಟೆಯ ಮೇಲೂ ತುರಿಕೆಯ ಗುಳ್ಳೆಗಳು ಏಳಬಹುದು; ಬೆಕ್ಕು ವಾಸಿಯಾದರೆ ಅವು ತಾವಾಗಿ ಹೋಗುತ್ತವೆ. ವೈದ್ಯರು ಚರ್ಮವನ್ನು ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನುಸಿಯನ್ನು ಗುರುತಿಸುತ್ತಾರೆ.

ಕಿವಿಯೊಳಗೆ ಕಾಫಿ ಪುಡಿಯಂತಹ ಕಪ್ಪು ಕೊಳೆ ತುಂಬಿ, ಬೆಕ್ಕು ತಲೆ ಕೊಡವುತ್ತ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದರೆ ಅದು ಕಿವಿನುಸಿಯ ಲಕ್ಷಣ. ಬಡಕಲಾದ, ಮುದಿಯಾದ ಬೆಕ್ಕುಗಳಲ್ಲಿ ಹೇನು ಕಾಣಬಹುದು. ಇವೆಲ್ಲಕ್ಕೂ ಒಳ್ಳೆಯ ಔಷಧಿಗಳಿವೆ. ಆದರೆ ಮನೆಯ ಒಂದು ಬೆಕ್ಕಿಗೆ ಮಾತ್ರ ಹಾಕಿ ಇನ್ನೊಂದನ್ನು ಬಿಟ್ಟರೆ, ಅಥವಾ ಹೇಳಿದ ಅಂತರದಲ್ಲಿ ಮತ್ತೆ ಹಾಕದಿದ್ದರೆ, ರೋಗ ಮರಳುವುದು ಖಂಡಿತ.

ಮೂರನೆಯ ಹಂತ: ಹುಳುಕಡ್ಡಿ

ಹುಳುಕಡ್ಡಿ ಅಥವಾ ಗಜಕರ್ಣ ಎಂದು ಕರೆಯುವ ರೋಗಕ್ಕೆ ಹುಳು ಕಾರಣವಲ್ಲ, ಶಿಲೀಂಧ್ರ ಕಾರಣ. ಬೆಕ್ಕುಗಳಲ್ಲಿ ಹೆಚ್ಚಾಗಿ ಇದನ್ನು ತರುವುದು ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬುದು. ಮುಖ, ಕಿವಿ, ಮುಂಗಾಲುಗಳಲ್ಲಿ ದುಂಡಾಗಿ ಕೂದಲು ಹೋಗಿ ಬೂದಿಯಂತಹ ಹೊಟ್ಟು ಕಾಣುತ್ತದೆ. ತುರಿಕೆ ಇರಬಹುದು, ಇಲ್ಲದಿರಲೂಬಹುದು. ಮರಿಗಳಲ್ಲಿ ಹೆಚ್ಚು. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳು ಹೊರಗೆ ಯಾವ ಲಕ್ಷಣವನ್ನೂ ತೋರದೆ ರೋಗವನ್ನು ಹೊತ್ತು ತಿರುಗಬಹುದು.

ಈ ರೋಗ ಮನುಷ್ಯರಿಗೂ ಅಂಟುತ್ತದೆ. ಮಕ್ಕಳ ತೋಳು, ಕತ್ತು, ಕೆನ್ನೆಗಳಲ್ಲಿ ಉಂಗುರದಂತಹ ಕೆಂಪು ಗುರುತು ಕಂಡರೆ ಬೆಕ್ಕನ್ನೂ ಪರೀಕ್ಷೆಗೆ ಒಯ್ಯಬೇಕು. ಆದರೆ ತಪ್ಪೆಲ್ಲ ಬೆಕ್ಕಿನ ಮೇಲೆ ಹೊರಿಸಬಾರದು. ಕೊಟ್ಟಿಗೆಯ ಕರುಗಳ ಕಣ್ಣಿನ ಸುತ್ತ ಬರುವ ಬಿಳಿ ಹಕ್ಕಳೆಯ ಹುಳುಕಡ್ಡಿಯೂ ಮಕ್ಕಳಿಗೆ ಅಂಟುವಂಥದೇ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಮಕ್ಕಳಿಗಾಗಲಿ ಬೆಕ್ಕಿಗಾಗಲಿ ಹಚ್ಚಬಾರದು. ಕೆಂಪು, ತುರಿಕೆ ಕೂಡಲೇ ಇಳಿದಂತೆ ತೋರಿದರೂ ಶಿಲೀಂಧ್ರ ಒಳಗೊಳಗೇ ಹರಡುತ್ತದೆ.

ವೈದ್ಯರು ವುಡ್ಸ್ ದೀಪ ಎಂಬ ವಿಶೇಷ ದೀಪದ ಬೆಳಕಿನಲ್ಲಿ ನೋಡಿದಾಗ ರೋಗ ತಗುಲಿದ ಕೂದಲು ಎಳೆ ಹಸಿರಾಗಿ ಹೊಳೆಯಬಹುದು. ಹೊಳೆಯಲಿಲ್ಲವೆಂದು ರೋಗವಿಲ್ಲ ಎನ್ನಲಾಗದು. ಖಚಿತವಾಗಿ ತಿಳಿಯಲು ಕೂದಲನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಬೇಕು. ಇದಕ್ಕೆ 2-3 ವಾರಗಳು ಹಿಡಿಯುತ್ತವೆ. ಚಿಕಿತ್ಸೆಯನ್ನು ಕೂದಲು ಬಂದ ಕೂಡಲೇ ನಿಲ್ಲಿಸದೆ ಪರೀಕ್ಷೆಯಲ್ಲಿ ಶಿಲೀಂಧ್ರ ಇಲ್ಲವೆಂದು ತಿಳಿಯುವವರೆಗೆ ಮುಂದುವರಿಸಬೇಕು. ಉದುರಿದ ಕೂದಲಿನಲ್ಲಿ ರೋಗದ ಬೀಜಕಗಳು ತಿಂಗಳುಗಟ್ಟಲೆ ಬದುಕಿರುವುದರಿಂದ ಮನೆಯನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕು, ಹಾಸುಬಟ್ಟೆಗಳನ್ನು ಒಗೆಯಬೇಕು.

ಕೀವು ಮೂಲ ಕಾರಣವಲ್ಲ

ಕೆರೆದ ಗಾಯದಲ್ಲಿ ರೋಗಾಣುಗಳು ಸೇರಿ ಕೀವಾಗುತ್ತದೆ. ಆಂಟಿಬಯೋಟಿಕ್ ಕೊಟ್ಟರೆ ಕೀವು ಒಣಗುತ್ತದೆ, ಬೆಕ್ಕು ಲವಲವಿಕೆಯಾಗುತ್ತದೆ. ಆದರೆ ಕೆರೆಯುವಂತೆ ಮಾಡಿದ ಕಾರಣ ಹಾಗೆಯೇ ಇರುವುದರಿಂದ ಮತ್ತೆ ಗಾಯವಾಗುತ್ತದೆ. ಕೀವಿಗೆ ಚಿಕಿತ್ಸೆ ಬೇಕು. ಹುಡುಕಾಟ ಅಲ್ಲಿಗೆ ನಿಲ್ಲಬಾರದು. ತಿಂಗಳಾದರೂ ಮಾಯದೆ ರಸ ಸುರಿಯುವ ಹುಣ್ಣು ಮೂಗಿನ ಮೇಲೋ ಕಾಲಿನಲ್ಲೋ ಇದ್ದರೆ ಬರಿಗೈಯಿಂದ ಮುಟ್ಟದೆ ವೈದ್ಯರಿಗೆ ತೋರಿಸಬೇಕು.

ನಾಲ್ಕನೆಯ ಹಂತ: ಆಹಾರದ ಪರೀಕ್ಷೆ

ಚಿಗಟ, ನುಸಿ, ಹುಳುಕಡ್ಡಿ ಮೂರೂ ಇಲ್ಲವೆಂದು ತಿಳಿದ ಮೇಲೆ, ವರ್ಷವಿಡೀ ತುರಿಕೆ ಇದ್ದಲ್ಲಿ, ಆಹಾರವನ್ನು ಪರೀಕ್ಷಿಸಬೇಕು. ವರ್ಷಗಟ್ಟಲೆ ತಿಂದ ಆಹಾರವೂ ಒಂದು ದಿನ ಒಗ್ಗದಂತಾಗಬಹುದು. ಬೆಕ್ಕುಗಳಲ್ಲಿ ದನದ ಮಾಂಸ, ಮೀನು, ಕೋಳಿ ಇವು ಹೆಚ್ಚಾಗಿ ಕಂಡುಬಂದಿರುವ ಕಾರಣಗಳು. ಇದನ್ನು ರಕ್ತ ಪರೀಕ್ಷೆಯಿಂದ ನಂಬುವಂತೆ ತಿಳಿಯಲಾಗದು. ತಿನ್ನಿಸಿ ನೋಡುವುದೊಂದೇ ದಾರಿ.

ಬೆಕ್ಕು ಈವರೆಗೆ ತಿನ್ನದ ಒಂದೇ ಬಗೆಯ ಮಾಂಸವನ್ನು 8 ವಾರಗಳ ಕಾಲ ಕೊಡಬೇಕು. ಉದಾಹರಣೆಗೆ ಮೀನು, ಕೋಳಿ ತಿಂದು ಬೆಳೆದ ಬೆಕ್ಕಿಗೆ ಬೇಯಿಸಿದ ಆಡಿನ ಮಾಂಸ ಕೊಡಬಹುದು. ಉಪ್ಪು, ಮಸಾಲೆ ಬೇಡ; ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಮಾಂಸ ತಾರದ ಮನೆಗಳಲ್ಲಿ, ಪ್ರೋಟೀನನ್ನು ಸಣ್ಣ ಸಣ್ಣದಾಗಿ ಒಡೆದು ತಯಾರಿಸಿದ ವಿಶೇಷ ಆಹಾರವನ್ನು ವೈದ್ಯರ ಸಲಹೆಯಂತೆ ತರಿಸಬಹುದು. ಈ ಅವಧಿಯಲ್ಲಿ ಹಾಲು, ಬಿಸ್ಕತ್ತು, ಮಕ್ಕಳು ಎಸೆಯುವ ತುತ್ತು, ಪಕ್ಕದ ಮನೆಯ ಮೀನು ಯಾವುದೂ ಸಲ್ಲದು. ಇಲಿ, ಹಲ್ಲಿ ಹಿಡಿದು ತಿಂದರೂ ಪರೀಕ್ಷೆ ಕೆಡುತ್ತದೆ. ಮನೆಯೊಳಗೇ ಇರುವ ಬೆಕ್ಕಿನಲ್ಲಿ ಈ ಪರೀಕ್ಷೆ ಸಾಧ್ಯ; ಬೀದಿ ಸುತ್ತುವ ಬೆಕ್ಕಿನಲ್ಲಿ ಕಷ್ಟ.

ಆಹಾರವನ್ನು ಒಂದು ವಾರದ ಅವಧಿಯಲ್ಲಿ ನಿಧಾನವಾಗಿ ಬದಲಿಸಬೇಕು. ಹಸಿದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಬಾರದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗಬಹುದು. ಮರಿಗಳಲ್ಲಿ, ಗಬ್ಬದ ಬೆಕ್ಕುಗಳಲ್ಲಿ ಮನೆಯ ಮಾಂಸದಿಂದ ಈ ಪರೀಕ್ಷೆ ಮಾಡಬಾರದು.

8 ವಾರಗಳಲ್ಲಿ ತುರಿಕೆ ಇಳಿದರೆ ಪರೀಕ್ಷೆ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಎರಡು ವಾರಗಳೊಳಗೆ ತುರಿಕೆ ಮರಳಿ ಬಂದು, ಹೊಸ ಆಹಾರಕ್ಕೆ ಬದಲಿಸಿದಾಗ ಮತ್ತೆ ಇಳಿದರೆ ಮಾತ್ರ ಆಹಾರವೇ ಕಾರಣವೆಂದು ಖಚಿತವಾಗಿ ಹೇಳಬಹುದು.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಹಾಲು ಅನ್ನ ಮಾತ್ರ ಹಾಕುವ ಮನೆಗಳಲ್ಲಿ ಹಿಂದೆ ಬೆಕ್ಕು ಇಲಿ, ಓತಿಕ್ಯಾತಗಳನ್ನು ಹಿಡಿದು ತನಗೆ ಬೇಕಾದ ಮಾಂಸವನ್ನು ತಾನೇ ಒದಗಿಸಿಕೊಳ್ಳುತ್ತಿತ್ತು. ಅದೇ ಬೆಕ್ಕನ್ನು ತಾರಸಿ ಮನೆಯೊಳಗೆ ಕೂಡಿ ಹಾಲು ಅನ್ನವನ್ನೇ ಹಾಕಿದರೆ ಅದಕ್ಕೆ ಪ್ರೋಟೀನ್ ಮತ್ತು ಟಾರಿನ್ ಎಂಬ ಪೋಷಕಾಂಶ ಸಾಲದು. ಮೈ ಒಣಗಿ ಹೊಟ್ಟೇಳುತ್ತದೆ, ಕೂದಲು ಬಿರುಸಾಗುತ್ತದೆ; ಕ್ರಮೇಣ ಕಣ್ಣು, ಹೃದಯಗಳೂ ಕೆಡುತ್ತವೆ. ಇದಕ್ಕೆ ಮುಲಾಮು ಮದ್ದಲ್ಲ, ಆಹಾರವೇ ಮದ್ದು.

ಐದನೆಯ ಹಂತ: ಉಳಿದ ಕಾರಣಗಳು

ಸೊಳ್ಳೆ: ಭತ್ತದ ಗದ್ದೆ, ಕಾಲುವೆಗಳ ಬದಿಯ ಮನೆಗಳಲ್ಲಿ ಮೂಗಿನ ಮೇಲ್ಭಾಗ ಮತ್ತು ಕಿವಿಗಳ ಮೇಲೆ ಮಾತ್ರ ಹಕ್ಕಳೆ, ಹುಣ್ಣು ಕಂಡರೆ ಸೊಳ್ಳೆ ಕಡಿತ ಒಗ್ಗದಿರುವುದು ಕಾರಣವಿರಬಹುದು. ಸೊಳ್ಳೆ ಬರದ ಜಾಲರಿ ಕೋಣೆಯಲ್ಲಿ ಒಂದು ವಾರ ಬೆಕ್ಕನ್ನು ಇಟ್ಟು ನೋಡಿ. ಹುಣ್ಣು ಆರತೊಡಗಿದರೆ ಕಾರಣ ಸಿಕ್ಕಿತು.

ಬಿಸಿಲು: ಬಿಳಿ ಕಿವಿ, ಬಿಳಿ ಮೂಗಿನ ಬೆಕ್ಕುಗಳಲ್ಲಿ ಕಿವಿಯ ತುದಿ ಕೆಂಪಾಗಿ ಮುರುಟಿ ಹುಣ್ಣಾದರೆ ಬಿಸಿಲಿನ ಹೊಡೆತ ಕಾರಣವಿರಬಹುದು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು, ತಡಮಾಡಬಾರದು.

ನೆಲ ಒರೆಸುವ ಔಷಧಿ: ಪಾದ, ಹೊಟ್ಟೆ ಮಾತ್ರ ಕೆಂಪಾಗಿದ್ದರೆ ಫಿನಾಯಿಲ್ ಮುಂತಾದವನ್ನು ನಿಲ್ಲಿಸಿ ನೋಡಬೇಕು.

ಧೂಳು, ಪರಾಗ: ವರ್ಷದ ಒಂದೇ ಕಾಲದಲ್ಲಿ ಬಂದು ಹೋಗುವ ತುರಿಕೆಗೆ ಪರಾಗ ಕಾರಣವಿರಬಹುದು. ಹಾಸಿಗೆಯ ಧೂಳಿನ ನುಸಿ, ದಾಸ್ತಾನಿನ ಧಾನ್ಯದಲ್ಲಿರುವ ನುಸಿಗಳೂ ಒಗ್ಗದಿರಬಹುದು. ಮೇಲಿನ ಎಲ್ಲ ಹಂತಗಳೂ ಮುಗಿದ ಮೇಲೆಯೇ ವೈದ್ಯರು ಇದನ್ನು ತೀರ್ಮಾನಿಸುತ್ತಾರೆ.

ನೋವು ಮತ್ತು ಕಳವಳ: ಮೂತ್ರಕೋಶದ ನೋವಿದ್ದರೆ ಬೆಕ್ಕು ಕೆಳಹೊಟ್ಟೆಯನ್ನೇ ನೆಕ್ಕುತ್ತದೆ. ಮನೆ ಬದಲಾವಣೆ, ಹೊಸ ಪ್ರಾಣಿಯ ಆಗಮನಗಳಿಂದಲೂ ಅತಿಯಾಗಿ ನೆಕ್ಕಬಹುದು. ಆದರೆ "ಇದು ಬರೀ ಅಭ್ಯಾಸ" ಎನ್ನುವುದು ಕಟ್ಟಕಡೆಯ ತೀರ್ಮಾನವಾಗಿರಬೇಕು.

ನಮ್ಮ ತಾಲ್ಲೂಕುಗಳಲ್ಲಿ ಗಮನಿಸಬೇಕಾದ ಅಂಶಗಳು

ಹಂತಗಳ ಕ್ರಮ ಎಲ್ಲ ಕಡೆಗೂ ಒಂದೇ ಆದರೂ ಹವೆ ಮತ್ತು ಮನೆಯ ರೀತಿಯನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಚನ್ನಗಿರಿಯ ತೋಟದ ಮನೆಗಳಲ್ಲಿ ನೆರಳು, ತೇವ ಹೆಚ್ಚು. ಚಿಗಟದ ಮರಿಹುಳುಗಳಿಗೆ ಇದು ಅನುಕೂಲವಾದ್ದರಿಂದ ಅಲ್ಲಿ ವರ್ಷವಿಡೀ ಎಚ್ಚರ ಬೇಕು. ಹೊನ್ನಾಳಿ, ನ್ಯಾಮತಿಗಳ ನೀರಾವರಿ ಪ್ರದೇಶದಲ್ಲಿ ಚಿಗಟದ ಜೊತೆಗೆ ಸೊಳ್ಳೆಯನ್ನೂ ನೆನಪಿಡಬೇಕು. ಜಗಳೂರಿನ ಒಣಹವೆಯಲ್ಲಿ ಬಯಲಿನ ಬಿಸಿಲಿಗೆ ಮರಿಹುಳುಗಳು ಸಾಯುತ್ತವೆ. ಆದರೆ ತಂಪಾದ ಮಣ್ಣಿನ ಕೋಣೆ, ನೀರಿನ ಹಂಡೆಯ ಮೂಲೆ, ಮೂಟೆಗಳ ಅಡಿಯಲ್ಲಿ ಬದುಕಿರುತ್ತವೆ. ಬೇಸಿಗೆಯೆಂದು ಅಲ್ಲಿ ಚಿಗಟವನ್ನು ಮರೆಯಬಾರದು.

ಸೂಜಿಮದ್ದಿನ ವಿಷಯ

ಸ್ಟೀರಾಯ್ಡ್ ಸೂಜಿಮದ್ದು ತುರಿಕೆಯನ್ನು ಒಂದೆರಡು ದಿನಗಳಲ್ಲೇ ಇಳಿಸುತ್ತದೆ. ವೈದ್ಯರು ಬೇಕೆಂದಾಗ ಕೊಡುವ ಅದು ಒಳ್ಳೆಯ ಔಷಧಿಯೇ. ಆದರೆ ಯಾವ ಕಾರಣದಿಂದ ಬಂದ ತುರಿಕೆಯನ್ನಾದರೂ ಅದು ಇಳಿಸುವುದರಿಂದ ಕಾರಣ ಮರೆಯಾಗುತ್ತದೆ. ಕಾರಣ ಹುಡುಕದೆ ತಿಂಗಳು ತಿಂಗಳೂ ಕೊಡಿಸುತ್ತ ಹೋದರೆ ಹುಳುಕಡ್ಡಿ ಉಲ್ಬಣಿಸಬಹುದು, ಬೆಕ್ಕಿಗೆ ಸಕ್ಕರೆ ಕಾಯಿಲೆಯೂ ಬರಬಹುದು. "ಹೋದ ಸಲ ಕೊಟ್ಟ ಸೂಜಿಯನ್ನೇ ಕೊಡಿ" ಎಂದು ಒತ್ತಾಯಿಸುವುದಕ್ಕಿಂತ "ಕಾರಣ ತಿಳಿಯಲು ಯಾವ ಪರೀಕ್ಷೆ ಮಾಡಬೇಕು?" ಎಂದು ಕೇಳುವುದು ಲೇಸು.

ಪಶುವೈದ್ಯರಲ್ಲಿಗೆ ಹೋಗುವಾಗ

ಹಿಂದಿನ ದಿನ ಬೆಕ್ಕಿಗೆ ಸ್ನಾನ ಮಾಡಿಸಬೇಡಿ, ಮುಲಾಮು ಹಚ್ಚಬೇಡಿ. ನೋಡಬೇಕಾದ ಗುರುತುಗಳು ಅಳಿಸಿಹೋಗುತ್ತವೆ. ನೋಟು ಪುಸ್ತಕ, ಕೊಟ್ಟ ಔಷಧಿಗಳ ಖಾಲಿ ಸೀಸೆಗಳು, ರೋಗ ಹೆಚ್ಚಿದ್ದಾಗ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಒಯ್ಯಿರಿ. ಗಾಳಿಯಾಡುವ ಬುಟ್ಟಿಯಲ್ಲಿಯೋ ಚೀಲದಲ್ಲಿಯೋ ಬೆಕ್ಕನ್ನು ಇರಿಸಿರಿ. ಸ್ಥಳೀಯ ಪಶು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ನೋವಿನಲ್ಲಿರುವ ಬೆಕ್ಕು ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಮನೆಬೆಕ್ಕೆಂದು ಅಲಕ್ಷ್ಯ ಸಲ್ಲದು. ಬೆಕ್ಕಿಗೂ ಆ ಲಸಿಕೆ ಹಾಕಿಸಬೇಕು.

ನೆನಪಿಡಬೇಕಾದ ಅಂಶಗಳು

1. ಮರುಕಳಿಸುವ ಚರ್ಮರೋಗವೆಂದರೆ ಕಾರಣ ಉಳಿದಿದೆ ಎಂದರ್ಥ.
2. ಚಿಗಟ, ನುಸಿ, ಹುಳುಕಡ್ಡಿ, ಆಹಾರ, ಉಳಿದವು: ಈ ಕ್ರಮದಲ್ಲಿಯೇ ಹುಡುಕಬೇಕು.
3. ಒಂದು ಸಲಕ್ಕೆ ಒಂದೇ ಬದಲಾವಣೆ. ತಾರೀಖು ಸಹಿತ ಬರೆದಿಡಬೇಕು.
4. ಚಿಗಟಕ್ಕೆ ಮೂರು ತಿಂಗಳು, ಆಹಾರಕ್ಕೆ 8 ವಾರ: ಅವಧಿ ಮುಗಿಯದೆ ಕೈಬಿಡಬಾರದು.
5. ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.
6. ಬೆಳೆ, ದನ, ಕುರಿ, ನಾಯಿಗಳ ಔಷಧಿಯನ್ನು ಬೆಕ್ಕಿಗೆ ಹಾಕಲೇಬಾರದು.

ಗ್ರಾಮಗಳಲ್ಲಿ ಕೆಲಸ ಮಾಡುವ ವಿಸ್ತರಣಾ ಕಾರ್ಯಕರ್ತರು ದನಕರುಗಳ ಉಣ್ಣೆ ಹತೋಟಿಯ ಬಗ್ಗೆ ತಿಳಿಸುವಾಗ ಆರನೆಯ ಅಂಶವನ್ನೂ ಸೇರಿಸಿ ಹೇಳುವುದು ಒಳ್ಳೆಯದು. ಕಾರಣ ಹುಡುಕಲು ನಾಲ್ಕೈದು ತಿಂಗಳು ಹಿಡಿಯಬಹುದು. ಆದರೆ ವರ್ಷಗಟ್ಟಲೆ ಔಷಧಿ ಬದಲಿಸುತ್ತ ಹಣ ಕಳೆಯುವುದಕ್ಕಿಂತ ಇದು ಕಡಿಮೆ ಖರ್ಚಿನ ದಾರಿ. ಬೆಕ್ಕೂ ಉಳಿಯುತ್ತದೆ, ಮಕ್ಕಳ ಮೈಯೂ ಶುಚಿಯಾಗಿರುತ್ತದೆ, ಕಣಜದ ಕಾವಲೂ ತಪ್ಪುವುದಿಲ್ಲ.